ಘಡಿ ಖಾತೆ

ಮೊದಲು ಮಷೀನನ್ನೇ ಬೈದೆ.
ಜೆಲ್ಲಿ ಒರೆಸಿ ಮತ್ತೆ ಹಚ್ಚಿದೆ, ವೈರು ಜಗ್ಗಿ ನೋಡಿದೆ,
ಅಳತೆಯ ಗೆರೆ ಹತ್ತು ಮಿಲಿಮೀಟರು, ಸರಿಯಾಗೇ ಇತ್ತು.
ಆದರೂ ಕಾಗದದ ಮೇಲೆ ಅಲೆಗಳು
ಮಲಗಿದ ಕೂಸು ಏಳಬಾರದೆಂದು
ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದ ಹಾಗೆ.

ಗುರುಬಾಳಪ್ಪ ಬಿರಾಜದಾರ. ವಯಸ್ಸು ಎಪ್ಪತ್ನಾಲ್ಕು.
ಸೊಲ್ಲಾಪುರ, ಅಕ್ಕಲಕೋಟೆ ರೋಡಿನ ಚಾದರ ಕಾರಖಾನೆ,
ಮೂವತ್ತೊಂದು ವರ್ಷ ಘಡಿ ಖಾತೆ.
"ನಾ ನೇಯಾಂವ ಅಲ್ರೀ, ಮಡಚಾಂವ,"
ಅಂದರು, ನಾನು ಕೇಳದಿದ್ದರೂ.
ಕಾಲಿನ ಬಾವು ಒತ್ತಿದರೆ ಬೆರಳಿನ ಕುಳಿ
ತುಂಬಿಕೊಳ್ಳಲು ಹೊತ್ತು ಹಿಡಿಯುತ್ತಿತ್ತು.

ಮೇಲಿನ ಮಹಡಿಯ ಎಕೋ ಬೇರೆ ಮಾತು ಹೇಳಿತು:
ಗೋಡೆ ದಪ್ಪ, ಹದಿನೆಂಟು ಮಿಲಿಮೀಟರು.
ಬಿ.ಪಿ.ಯಿಂದ ದಪ್ಪಗಾದ ಹೃದಯ
ಅಂತ ಹಳೆಯ ಚೀಟಿಯಲ್ಲೂ ಇತ್ತು, ಗುಳಿಗೆಯೂ ಅದಕ್ಕೇ.
ಈಚೆಗೆ ಆ ಗುಳಿಗೆ ನುಂಗಿದರೆ
ಎದ್ದು ನಿಂತಾಗ ಕಣ್ಣು ಕತ್ತಲೆ.

ಇನಾಮದಾರ ಬಾಯಿ ಎರಡೂ ಕಾಗದ ಪಕ್ಕಪಕ್ಕ ಇಟ್ಟು
ಪೆನ್ನಿನ ತುದಿ ಕಚ್ಚಿದರು.
"ಇಷ್ಟು ದಪ್ಪ ಸ್ನಾಯು ಜೋರಾಗಿ ಕೂಗಬೇಕು, ಕಲಾವತಿ.
ಇದು ಪಿಸುಗುಡುತ್ತದೆ.
ದಪ್ಪ ಆದದ್ದು ಸ್ನಾಯುವೇ ಹೌದಾ?"

ನನ್ನನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳಿದೆ:
ಕ್ಲಿಪ್ಪು ಹಾಕುವಾಗ ಕಂಡಿತ್ತು, ಮೇಡಂ,
ಎರಡೂ ಅಂಗೈಯಿಂದ ಮಣಿಕಟ್ಟಿಗೆ ಇಳಿದ
ಹೊಲಿಗೆಯ ಗುರುತು.

"ಕೈ ಜೋಮು ಹಿಡೀತಿದ್ದೂರೀ, ರಾತ್ರಿ ಝಾಡಿಸಿ ಝಾಡಿಸಿ
ಮಲಗತಿದ್ದೆ. ಕೊಯ್ಸಿ ಒಂಬತ್ತ ವರ್ಷ ಆತು.
ಚಾದರ ಮಡಚಿ ಮಡಚಿ ನರ ಸವದಾವ ಅಂದ್ರು.
ಕಾರಖಾನಿಗೆ ಎಷ್ಟ ಬೈದೇನಿ!"
ಆಮೇಲೆ, ನೆನಪಾದವರಂತೆ, ಅಂಗಿಯ ತೋಳು ಏರಿಸಿದರು:
ಒಮ್ಮೆ ಕೊಡ ಎತ್ತುವಾಗ ಪಟ್ ಅಂದಿತ್ತಂತೆ,
ಅಂದಿನಿಂದ ಮೊಣಕೈಯ ಮೇಲೊಂದು ಉಂಡೆ
ಜಾರಿ ಕೂತು ಬಿಟ್ಟಿದೆ.
ಬಾಯಿ ಪೆನ್ನು ಕೆಳಗಿಟ್ಟರು.

ರಕ್ತ, ಮೂತ್ರ: ಅದರಲ್ಲೇನೂ ಸಿಗಲಿಲ್ಲ,
ಸಿಗದಿದ್ದುದೇ ಒಂದು ಸುಳಿವಾಯಿತು.
ಬೆಳಗಿನ ಗಾಡಿಗೆ ಪುಣೆಗೆ ಹೋಗಿ ಬಂದರು,
ಎಲುಬು ಹುಡುಕಿ ಅಂಟುವ ಮದ್ದು ನರಕ್ಕೇರಿಸಿ
ತೆಗೆದ ಚಿತ್ರ ಹಿಡಿದು.
ಪಕ್ಕೆಲುಬುಗಳು ತಿಳಿಯಾಗಿ ಮೂಡಿದ್ದವು.
ಅವುಗಳಿಗಿಂತ ಕಪ್ಪಗೆ, ಎಡಕ್ಕೆ,
ಎಲುಬೇ ಇಲ್ಲದ ಜಾಗ.

ಅಮಿಲಾಯ್ಡ್, ಅಂದರು ಬಾಯಿ. ಹೆಸರು ಬದಿಗಿರಲಿ.
ಲಿವರಿನಲ್ಲಿ ಹುಟ್ಟುವ ಒಂದು ಪ್ರೋಟೀನು,
ರಕ್ತದಲ್ಲಿ ಸಾಮಾನು ಹೊರುವ ಹಮಾಲ;
ನಾಲ್ಕು ಮಡಿಕೆ ಕೂಡಿರುವ ತನಕ ಸಾಧು.
ವಯಸ್ಸಾದಂತೆ ಕೆಲವರಲ್ಲಿ ಬಿಚ್ಚಿಕೊಳ್ಳುತ್ತದೆ,
ತಪ್ಪು ತಪ್ಪಾಗಿ ಮಡಚಿಕೊಂಡು, ನೂಲು ನೂಲಾಗಿ
ಮೊದಲು ಮಣಿಕಟ್ಟಿನಲ್ಲಿ,
ವರ್ಷಗಳ ಮೇಲೆ ಎದೆಯಲ್ಲಿ.

ಗುರುಬಾಳಪ್ಪನವರು ಸುಮ್ಮನೆ ಕೇಳಿಸಿಕೊಂಡರು.
"ಹಂಗಾರ ಕಾರಖಾನೀದು ತಪ್ಪಿಲ್ಲ," ಅಂದರು.
ಮತ್ತೆ:
"ನಮ್ಮ ಖಾತೇದಾಗ ಘಡಿ ತಪ್ಪಿದ್ರ
ಝಾಡಿಸಿ ಮತ್ತ ಮಡಚತಿದ್ವಿ. ಇದನ್ನ?"

ಕೂತದ್ದು ಕೂತಿತು.
ಇನ್ನು ಮುಂದೆ ಬಿಚ್ಚದ ಹಾಗೆ ಹಿಡಿಯುವ ಗುಳಿಗೆ ಇದೆ,
ಅಂದ ಬಾಯಿ, ಬೆಲೆ ಹೇಳುವ ಮುಂಚೆ
ಒಂದು ಗುಟುಕು ನೀರು ಕುಡಿದರು.

ಹೋಗುವಾಗ, ನಾನು ಹೇಗೋ ಮಡಚಿ ಕೊಟ್ಟಿದ್ದ
ಇಸಿಜಿಯ ಉದ್ದ ಪಟ್ಟಿಯನ್ನು ಬಿಚ್ಚಿ,
ಅಂಚಿಗೆ ಅಂಚು ಕೂಡಿಸಿ,
ಹೆಬ್ಬೆರಳಿಗೆ ಸ್ಪರ್ಶ ಸಾಲದ್ದಕ್ಕೆ ಅಂಗೈಯ ಬದಿಯಿಂದ ತೀಡಿ
ನಾಲ್ಕು ಮಾಡಿ ಜೇಬಿಗಿಟ್ಟರು.

ಆ ಸಂಜೆ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿದೆ.
ಷರಾ ಕಾಲಮಿನಲ್ಲಿ ನನ್ನದೇ ಅಕ್ಷರ:
ಅಲೆ ಸಣ್ಣ, ಮಷೀನು ರಿಪೇರಿಗೆ ಹೇಳಬೇಕು.
ಅಲೆ ಸಣ್ಣ, ಜೆಲ್ಲಿ ಒಣಗಿದೆ.
ಅಲೆ ಸಣ್ಣ.
ಹನ್ನೊಂದು ಹೆಸರು.

ಅಶೋಕ ಚೌಕದ ನರ್ಸವ್ವ, ಬೀಡಿ ಕಟ್ಟುವಾಕೆ,
ಕೈ ಜೋಮು ಅಂತ ಅಂದಿದ್ದಳೋ ಏನೋ.
ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿ
ಕ್ಲಿಪ್ಪು ಹಾಕಿದ್ದು ನೆನಪಿದೆ.
ಬಳೆಯ ಕೆಳಗೆ ಏನಿತ್ತು
ನೆನಪಿಲ್ಲ,
ನಾನು ಮಷೀನು ನೋಡುತ್ತಿದ್ದೆ.